ಗಡಿಗೆ ಬರೆಯಲು ಕಾಲೇಜು ಬೇಕೆ?

ನವಲಗುಂದದಿಂದ ಹುಬ್ಬಳ್ಳಿಗೆ ಹೊರಡುವ ಮುಂಜಾನೆಯ ಬಸ್ಸಿನಲ್ಲಿ ಒಮ್ಮೆ ಕುಳಿತು ನೋಡಬೇಕು. ಹಾಲಿನ ಕ್ಯಾನು, ಮೆಣಸಿನಕಾಯಿಯ ಚೀಲ, ಆಸ್ಪತ್ರೆಗೆ ಹೊರಟ ಮುದುಕರು, ಪರೀಕ್ಷೆಯ ಅಂಜಿಕೆಯಿಂದ ಪುಸ್ತಕದಲ್ಲಿ ಮುಖ ಹುದುಗಿಸಿದ ವಿದ್ಯಾರ್ಥಿಗಳು. ಇವರೆಲ್ಲರ ನಡುವೆ ದೊಡ್ಡದೊಂದು ಹಲಗೆಯನ್ನು ಎದೆಗವಚಿಕೊಂಡು, ಎತ್ತ ತಿರುಗಿದರೂ ಯಾರಿಗಾದರೂ ತಾಗಿಸಿ ಬೈಸಿಕೊಳ್ಳುತ್ತ ನಿಂತ ಹುಡುಗನೊಬ್ಬ ಕಣ್ಣಿಗೆ ಬೀಳುತ್ತಾನೆ. ಅದು ಚಿತ್ರ ಬರೆಯುವ ಹಲಗೆ. ಅವನು ಚಿತ್ರಕಲಾ ಮಹಾವಿದ್ಯಾಲಯದ ಮೊದಲನೆಯ ವರ್ಷದ ವಿದ್ಯಾರ್ಥಿ.

ಅಂಥ ಹುಡುಗನೊಬ್ಬನ ಪರಿಚಯ ನನಗೆ ಈ ಬಸ್ಸಿನಲ್ಲಿಯೇ ಆಯಿತು. ಆ ದಿನ ಅವನ ತಂದೆಯೂ ಜೊತೆಗಿದ್ದರು. ಹಿಂಗಾರಿಯ ಕಡಲೆ ಮಾರಿದ ಹಣವನ್ನು ಅಂಗಿಯ ಒಳಕಿಸೆಯಲ್ಲಿಟ್ಟುಕೊಂಡು ಮಗನ ಫೀಸು ತುಂಬಲು ಹೊರಟಿದ್ದರು. ನಾನು ಕಾಲೇಜಿನಲ್ಲಿ ಕನ್ನಡ ಕಲಿಸುವವನೆಂದು ತಿಳಿದ ಕೂಡಲೆ, ಬಹುದಿನದಿಂದ ಮನಸ್ಸಿನಲ್ಲಿಟ್ಟುಕೊಂಡಿದ್ದ ಪ್ರಶ್ನೆಯನ್ನು ಹೊರಹಾಕಿಯೇಬಿಟ್ಟರು:

“ಅಲ್ರೀ ಮಾಸ್ತರ, ತಿಂಗಳಾತು, ಇಂವಾ ಬರೇ ಗಡಿಗಿ ಬರೀತಾನು. ಗಡಿಗಿ ಬರಿಯಾಕ ಕಾಲೇಜ ಬೇಕೇನ್ರಿ? ಗಡಿಗಿ ನಮ್ಮನ್ಯಾಗ ಇಲ್ಲೇನು?”

ಸುತ್ತಲಿದ್ದವರು ನಕ್ಕರು. ಹುಡುಗ ತಲೆ ತಗ್ಗಿಸಿದ. ನಾನೂ ಆಗ ನಕ್ಕು ಸುಮ್ಮನಾದೆನೇ ಹೊರತು ಸರಿಯಾದ ಉತ್ತರ ಕೊಡಲಾಗಲಿಲ್ಲ. ಆದರೆ ಕಡಲೆ ಮಾರಿದ ಹಣದ ಹಿಂದಿರುವ ಪ್ರಶ್ನೆಯನ್ನು ನಗೆಯಲ್ಲಿ ತೇಲಿಸಿಬಿಡುವುದು ನ್ಯಾಯವಲ್ಲ. ಅದಕ್ಕೆ ಉತ್ತರ ಹುಡುಕುವ ಪ್ರಯತ್ನವೇ ಈ ಲೇಖನ.

ಮೂರು ಸಲ ತಿರುಗಿ ಬಂದ ಗಡಿಗೆ

ಹುಡುಗನ ಗೃಹಪಾಠದ ಪಟ್ಟಿಯನ್ನು ಕೇಳಿ ಇಸಿದುಕೊಂಡು ಓದಿದೆ. ಗಡಿಗೆ, ಬಟ್ಟೆ, ಹಣ್ಣುಗಳನ್ನು ಜೋಡಿಸಿಟ್ಟು ಬರೆಯುವ ಸ್ಥಿರವಸ್ತು ಚಿತ್ರಗಳು ಐದು. ಟೊಂಗೆ, ಎಲೆ, ಕಾಯಿಗಳ ನಿಸರ್ಗಾಭ್ಯಾಸ ಹತ್ತು. ಕಪ್ಪಿನಿಂದ ಬಿಳುಪಿಗೆ ಮೆಟ್ಟಿಲು ಮೆಟ್ಟಿಲಾಗಿ ಏರುವ ಛಾಯಾಪಟ್ಟಿ ಒಂದು. ಹನ್ನೆರಡು ಬಣ್ಣಗಳ ವರ್ಣಚಕ್ರ ಒಂದು. ಮನೆಯವರ ಕೈಗಳ ಅಭ್ಯಾಸ ಇಪ್ಪತ್ತೈದು. ಸಂತೆ, ಬಸ್ಸು ನಿಲ್ದಾಣ, ಹೊಲ, ಎಲ್ಲಿಯಾದರೂ ಸರಿ, ನಿಂತಲ್ಲಿಯೇ ಗೀಚುವ ಸ್ಕೆಚ್ಚುಗಳು ನೂರು. ಕಾಲೇಜಿನಿಂದ ಕಾಲೇಜಿಗೆ ಸಂಖ್ಯೆ ಹೆಚ್ಚು ಕಡಿಮೆಯಾದೀತು. ಆದರೆ ಮೊದಲನೆಯ ವರ್ಷದ ಪಾಠ ಎಲ್ಲಿಯೂ ಸ್ಥೂಲವಾಗಿ ಇದೇ.

ಇದರಲ್ಲಿ ಅತ್ಯಂತ ಸುಲಭವೆಂದು ತೋರುವುದು ಗಡಿಗೆ. ಅದೇ ಗಡಿಗೆ ಈ ಹುಡುಗನಿಗೆ ಮೂರು ಸಲ ತಿರುಗಿ ಬಂದಿತು.

ಮೊದಲ ಸಲ ಅವನು ಗಡಿಗೆಯ ಬಾಯನ್ನು ಸುಂಡಾಗಿ, ಬುಡವನ್ನು ನೆಟ್ಟಗೆ ಗೆರೆ ಕೊರೆದಂತೆ ಬರೆದಿದ್ದ. ಗಡಿಗೆ ನೆಲದ ಮೇಲೆ ಸರಿಯಾಗಿ ಕುಳಿತಿದೆ. ಕುಳಿತದ್ದು ಸಪಾಟಾಗಿರಲೇಬೇಕೆಂಬುದು ಅವನ ತರ್ಕ. ಆದರೆ ಕಣ್ಣು ತರ್ಕದ ಆಳಲ್ಲ. ಗಡಿಗೆಯ ಬಾಯಿ ವೃತ್ತಾಕಾರವಾದರೂ ಓರೆಯಿಂದ ನೋಡುವವನಿಗೆ ಅದು ಅಂಡಾಕಾರವಾಗಿಯೇ ಕಾಣುವುದು. ಕಣ್ಣಿನ ಮಟ್ಟಕ್ಕೆ ಸಮೀಪವಾದಷ್ಟೂ ಆ ಅಂಡ ಸಪುರವಾಗುತ್ತದೆ, ಕೆಳಗಿಳಿದಷ್ಟೂ ಅಗಲವಾಗುತ್ತದೆ. ಆದ್ದರಿಂದ ಬುಡದ ಬಾಗು ಬಾಯಿಯ ಬಾಗಿಗಿಂತ ಹೆಚ್ಚು ದುಂಡಾಗಿರಬೇಕು. ಹುಡುಗ ತಾನು ತಿಳಿದದ್ದನ್ನು ಬರೆದಿದ್ದ, ಕಂಡದ್ದನ್ನಲ್ಲ.

ಎರಡನೆಯ ಸಲ ಆಕಾರ ಸರಿಯಾಯಿತು, ನೆರಳು ತಪ್ಪಿತು. ಒಂದು ಮಗ್ಗುಲನ್ನು ಕರ್ರಗೆ ತಿಕ್ಕಿ ಕೈಬಿಟ್ಟಿದ್ದ. ಉಪಾಧ್ಯಾಯರು ಅವನನ್ನು ಗಡಿಗೆಯ ಮುಂದೆ ಕೂಡಿಸಿ, ನೆರಳಿನ ಮಗ್ಗುಲಿನ ತೀರ ಅಂಚಿನಲ್ಲಿ ಏನಿದೆ ನೋಡೆಂದರಂತೆ. ಬಹಳ ಹೊತ್ತಿನ ಮೇಲೆ ಅಲ್ಲೊಂದು ಮಂದವಾದ ಬೆಳಕಿನ ಎಳೆ ಅವನಿಗೆ ಕಂಡಿತು. ಅದು ನೆಲಕ್ಕೆ ಬಿದ್ದ ಬೆಳಕು ಚಿಮ್ಮಿ ಗಡಿಗೆಯ ಕತ್ತಲಿಗೆ ತಾಗಿದ್ದು. ಆ ಎಳೆಯೊಂದನ್ನು ಉಳಿಸಿಕೊಂಡರೆ ಗಡಿಗೆ ಕಾಗದದ ಮೇಲೆ ಗುಂಡಗೆ ನಿಲ್ಲುತ್ತದೆ. ಅದನ್ನು ಅಳಿಸಿದರೆ ತಟ್ಟೆಯಂತೆ ಒರಗುತ್ತದೆ.

ಮೂರನೆಯ ಸಲ ಹುಡುಗ ಜಾಣತನ ಮಾಡಿದ. ಮೊಬೈಲಿನಲ್ಲಿ ಗಡಿಗೆಯ ಫೋಟೋ ತೆಗೆದು, ರಾತ್ರಿ ಮನೆಯಲ್ಲಿ ಅದನ್ನೇ ನೋಡಿ ಬರೆದ. ಉಪಾಧ್ಯಾಯರು ಕಂಡ ಕೂಡಲೆ ಹಿಡಿದುಬಿಟ್ಟರು. ಹತ್ತಿರದಿಂದ ತೆಗೆದ ಚಿತ್ರದಲ್ಲಿ ಗಡಿಗೆಯ ಬಾಯಿ ಹಿಗ್ಗಿ ಬುಡ ಕುಗ್ಗಿತ್ತು. ನೆರಳೊಳಗಿನ ಬಣ್ಣಗಳೆಲ್ಲ ಒಂದೇ ಮಸಿಯಾಗಿದ್ದವು. ಮನುಷ್ಯ ನೋಡುವುದು ಎರಡು ಕಣ್ಣುಗಳಿಂದ, ತಲೆ ಹೊರಳಿಸುತ್ತ, ಬೆಳಕಿಗೂ ಕತ್ತಲಿಗೂ ಕಣ್ಣನ್ನು ಹೊಂದಿಸಿಕೊಳ್ಳುತ್ತ. ಯಂತ್ರ ನೋಡುವುದು ಒಂದೇ ಕಣ್ಣಿನಿಂದ, ಒಂದೇ ಕ್ಷಣ. ಕಳ್ಳತನ ಬಯಲಾಗುವುದು ಈ ವ್ಯತ್ಯಾಸದಿಂದಲೇ.

ಬರೆದದ್ದನ್ನೇ ಮತ್ತೆ ಮತ್ತೆ ಬರೆಯುವ ಈ ಶಿಕ್ಷೆ ನಮ್ಮ ನಾಡಿಗೆ ಹೊಸದೇನಲ್ಲ. ಕುಂದಗೋಳದ ಸವಾಯಿ ಗಂಧರ್ವರು (೧೮೮೬–೧೯೫೨) ಶಿಷ್ಯರಿಗೆ ರಾಗಗಳ ರಾಶಿಯನ್ನು ಸುರಿದವರಲ್ಲ. ಆಯ್ದ ಕೆಲವನ್ನೇ ತಿದ್ದಿ ತಿದ್ದಿ ಕೊಟ್ಟವರು. ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಹೋಗಿಬರುತ್ತಿದ್ದ ಗಂಗೂಬಾಯಿ ಹಾನಗಲ್ಲರು ಒಂದು ಪುಟ್ಟ ಸ್ವರಗುಚ್ಛವನ್ನು ದಿನಗಟ್ಟಲೆ ಹೇಳಿ ಪಳಗಿಸಿಕೊಂಡರು. ಗಾಯಕಿಗೆ ಆ ಸ್ವರಗುಚ್ಛ ಹೇಗೋ ಚಿತ್ರಗಾರನಿಗೆ ಗಡಿಗೆ ಹಾಗೆ. ಅದು ಕೇಳುವ ಕಿವಿಯನ್ನು ಕಡೆಯಿತು. ಇದು ನೋಡುವ ಕಣ್ಣನ್ನು ಕಡೆಯುತ್ತದೆ.

ಮೂರು ಹೊಳೆಗಳ ನೀರು

ಈ ಪಾಠಕ್ರಮ ಎಲ್ಲಿಂದ ಬಂದಿತು? ಧಾರವಾಡದ ಸೀಮೆ ೧೯೫೬ರವರೆಗೆ ಮುಂಬಯಿ ಆಡಳಿತಕ್ಕೆ ಸೇರಿತ್ತು. ಆದ್ದರಿಂದ ಚಿತ್ರ ಕಲಿಯಬಯಸಿದ ಇಲ್ಲಿನ ತರುಣರ ಕಣ್ಣು ಸಹಜವಾಗಿಯೇ ೧೮೫೭ರಲ್ಲಿ ಆರಂಭವಾದ ಮುಂಬಯಿಯ ಜೆ. ಜೆ. ಕಲಾಶಾಲೆಯ ಕಡೆಗಿತ್ತು. ವಿಲಾಯತಿಯ ಮಾದರಿಯಲ್ಲಿ ಗಿಳಿಪಾಠದಂತೆ ಗಚ್ಚಿನ ಪ್ರತಿಮೆಗಳನ್ನು ನಕಲು ಮಾಡಿಸಿ, ಇದ್ದುದನ್ನು ಇದ್ದಂತೆ ಬರೆಯುವ ಶಿಸ್ತನ್ನು ಕಲಿಸಿದ ಶಾಲೆ ಅದು. ಮುಂಬಯಿ ಸರಕಾರದ ಡ್ರಾಯಿಂಗ್ ಪರೀಕ್ಷೆಗಳು ಆ ಶಿಸ್ತನ್ನು ಊರೂರಿನ ಶಾಲೆಗಳಿಗೆ ತಂದವು. ಬಳಿಕ ಧಾರವಾಡದಲ್ಲಿ ಡಿ. ವಿ. ಹಾಲಭಾವಿಯವರು ೧೯೩೫ರಲ್ಲಿ ಚಿತ್ರಕಲಾ ಶಾಲೆಯನ್ನು ತೆರೆದರು. ಆಗ ಇದೇ ಜಿಲ್ಲೆಗೆ ಸೇರಿದ್ದ ಗದಗಿನಲ್ಲಿ ಟಿ. ಪಿ. ಅಕ್ಕಿಯವರು ವಿಜಯ ಕಲಾ ಮಂದಿರವನ್ನು ಕಟ್ಟಿ ಬೆಳೆಸಿದರು. ಹಳ್ಳಿಯ ಹುಡುಗನಿಗೆ ಮುಂಬಯಿಯ ದಾರಿ ಹಿಡಿಯದೆಯೇ ಚಿತ್ರ ಕಲಿಯುವ ಭಾಗ್ಯ ಒದಗಿದ್ದು ಇಂಥವರಿಂದ.

ಎರಡನೆಯ ಹೊಳೆ ಜರ್ಮನಿಯದು. ವೈಮಾರ್ ನಗರದಲ್ಲಿ ೧೯೧೯ರಲ್ಲಿ ಸ್ಥಾಪಿತವಾದ ಬೌಹೌಸ್ ಶಾಲೆಯಲ್ಲಿ ಯೋಹಾನ್ನೆಸ್ ಇಟ್ಟೆನ್ ಎಂಬವರು ಎಲ್ಲ ವಿದ್ಯಾರ್ಥಿಗಳಿಗೂ ಕಡ್ಡಾಯವಾದ ಒಂದು ಪೂರ್ವಭಾವಿ ಶಿಕ್ಷಣವನ್ನು ರೂಪಿಸಿದರು. ಆಕಾರವೆಂದರೇನು, ಬಣ್ಣವೆಂದರೇನು, ಮರ ಕಲ್ಲು ಬಟ್ಟೆಗಳ ಗುಣವೇನು ಎಂಬುದನ್ನು ಕೈಯಿಂದ ಮುಟ್ಟಿ ಅರಿತ ಮೇಲೆಯೇ ಮುಂದಿನ ಪಾಠ. ಅದೇ ಶಾಲೆಯ ಜೋಸೆಫ್ ಆಲ್ಬರ್ಸ್ ವಿದ್ಯಾರ್ಥಿಗಳ ಕೈಗೆ ಬರಿಯ ಕಾಗದ ಕೊಟ್ಟು, ಮಡಿಸಿ ಕತ್ತರಿಸಿ ಅದನ್ನು ಎದ್ದು ನಿಲ್ಲಿಸಿರೆನ್ನುತ್ತಿದ್ದರು. ಇಂದು ನಮ್ಮ ಹುಡುಗರು ಮಾಡುವ ವರ್ಣಚಕ್ರ, ಕಾಗದದ ಮೂರು ಆಯಾಮದ ವಿನ್ಯಾಸ ಇವೆಲ್ಲ ಆ ಮನೆತನದವು. ಮೂರನೆಯ ಹೊಳೆ ಶಾಂತಿನಿಕೇತನದ್ದು. ೧೯೧೯ರಲ್ಲಿಯೇ ಆರಂಭವಾದ ಅಲ್ಲಿನ ಕಲಾಭವನದಲ್ಲಿ ನಂದಲಾಲ ಬೋಸರು ಶಿಷ್ಯರನ್ನು ಗಿಡಮರಗಳ ಕೆಳಗೆ, ಸಂತಾಲರ ಹಳ್ಳಿಗಳ ಕಡೆಗೆ ಕರೆದೊಯ್ದರು. ಹೊಲ, ಸಂತೆಗಳಲ್ಲಿ ನಿಂತು ನೂರು ಸ್ಕೆಚ್ಚು ಬರೆಯಿರೆಂಬ ಅಪ್ಪಣೆಯಲ್ಲಿ ಅವರ ದನಿಯಿದೆ.

ವರ್ಣಚಕ್ರದ ಪಾಠ ಬಡವನಿಗೆ ಉಪಕಾರಿಯೂ ಹೌದು. ಕೆಂಪು, ಹಳದಿ, ನೀಲಿ ಮೂರೇ ಬಣ್ಣಗಳಿದ್ದರೆ ಉಳಿದ ಒಂಬತ್ತನ್ನು ಕಲಸಿಕೊಳ್ಳಬಹುದು. ಎದುರುಬದುರಿನ ಬಣ್ಣಗಳನ್ನು ಕೂಡಿಸಿದರೆ ಮಣ್ಣಿನ ಬಣ್ಣಗಳು ಹುಟ್ಟುತ್ತವೆ. “ನಮ್ಮ ಎರೆಭೂಮಿ ಕರೀದು ಅಂತ ತಿಳಿದಿದ್ದೆ. ಕರಿ ಬಣ್ಣ ಹಚ್ಚಿದರ ಅದು ನಮ್ಮ ಹೊಲ ಆಗಲೇ ಇಲ್ರಿ. ಮಳಿ ಬಿದ್ದಾಗ ಒಂಥರಾ ನೀಲಿ ಐತಿ, ಒಣಗಿದಾಗ ಬೂದಿ” ಎಂದು ಹುಡುಗ ನನಗೆ ಹೇಳಿದ. ಹದಿನೆಂಟು ವರ್ಷ ಆ ಹೊಲದಲ್ಲಿ ಆಡಿ ಬೆಳೆದವನಿಗೆ ಅದರ ಬಣ್ಣ ಮೊದಲ ಸಲ ಕಂಡದ್ದು ಗೃಹಪಾಠದ ನೆಪದಿಂದ.

ಪಟ್ಟಿಯಲ್ಲಿಲ್ಲದ ಪಾಠ

ಇಷ್ಟಾದರೂ ಆ ಪಟ್ಟಿಯನ್ನು ಮಡಿಸಿ ತಿರುಗಿ ಕೊಡುವಾಗ ನನ್ನ ಮನಸ್ಸಿಗೆ ಒಂದು ಕೊರತೆ ಕುಟುಕಿತು. ಮುಂಬಯಿ, ವೈಮಾರ್, ಶಾಂತಿನಿಕೇತನ ಮೂರೂ ಅದರಲ್ಲಿದ್ದವು. ನವಲಗುಂದ ಇರಲಿಲ್ಲ, ಕಲಘಟಗಿ, ಅಣ್ಣಿಗೇರಿಗಳೂ ಇರಲಿಲ್ಲ.

ವಸ್ತುವಿನ ಗುಣವೇ ರೇಖೆಯ ಗುಣವನ್ನು ನಿರ್ಧರಿಸುತ್ತದೆ ಎಂಬುದನ್ನು ಕಲಿಯಲು ನಮ್ಮವರು ಜರ್ಮನಿಯವರೆಗೆ ಹೋಗಬೇಕಿಲ್ಲ. ಪಂಪನ ತಾಯಿಯ ತವರೆಂದು ನಾವು ಕನ್ನಡದ ತರಗತಿಗಳಲ್ಲಿ ಕೊಂಡಾಡುವ ಅಣ್ಣಿಗೇರಿಯಲ್ಲಿ, ಸುಮಾರು ೧೦೫೦ರಲ್ಲಿ ಕಟ್ಟಿದ ಅಮೃತೇಶ್ವರ ದೇವಾಲಯವಿದೆ. ಅದರ ಕಂಬಗಳು ಎಪ್ಪತ್ತಾರು. ಅಲ್ಲಿಯವರೆಗಿನ ಮರಳುಗಲ್ಲನ್ನು ಬಿಟ್ಟು ಕಲ್ಯಾಣದ ಚಾಲುಕ್ಯರ ಶಿಲ್ಪಿಗಳು ಬಳಪದ ಕಲ್ಲಿಗೆ ಕೈಹಾಕಿದ ಮೊದಲ ಗುಡಿಯೆಂದು ಇದನ್ನು ವಿದ್ವಾಂಸರು ಗುರುತಿಸುತ್ತಾರೆ. ಮೆತ್ತಗಿನ ಆ ಕಲ್ಲು ಉಳಿಗೆ ಒಲಿಯಿತು. ಗೋಡೆಯ ಕೆತ್ತನೆ ಸೂಕ್ಷ್ಮವಾಯಿತು, ತಿರುಗಣೆಗೆ ಹಿಡಿದ ಕಂಬ ನುಣುಪಾಯಿತು. ಕಲ್ಲು ಬದಲಾದುದರಿಂದ ಒಂದು ಶೈಲಿಯೇ ಬದಲಾಯಿತು.

ಇನ್ನು ನವಲಗುಂದದ ಜಮಖಾನ. ಹೆಣ್ಣುಮಕ್ಕಳು ನಿಲುವು ಮಗ್ಗದ ಮುಂದೆ ಕುಳಿತು ನೇಯುವ ಈ ಹತ್ತಿಯ ಹಾಸಿಗೆ ಭೌಗೋಳಿಕ ಸೂಚಕದ ಮಾನ್ಯತೆಯನ್ನೂ ಪಡೆದಿದೆ. ಅದರ ಮೇಲಿನ ನವಿಲನ್ನು ಗಮನಿಸಿರಿ. ಅದರ ಕೊರಳು ಬಳುಕುವುದಿಲ್ಲ, ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಹಾಸು ಹೊಕ್ಕುಗಳು ಒಂದನ್ನೊಂದು ನೇರವಾಗಿ ಕತ್ತರಿಸುವಲ್ಲಿ ಬಾಗಿದ ಗೆರೆಗೆ ಬೇರೆ ದಾರಿಯಿಲ್ಲ. ಇಲ್ಲದ ದಾರಿಯನ್ನೇ ಅಂದವಾಗಿ ಮಾಡಿಕೊಂಡದ್ದು ನೇಯುವವರ ಜಾಣ್ಮೆ. ವಿನ್ಯಾಸದ ಗೃಹಪಾಠಕ್ಕೆ ಇದಕ್ಕಿಂತ ಒಳ್ಳೆಯ ಗುರು ಯಾರು?

ಕಲಘಟಗಿಯ ಬಣ್ಣದ ತೊಟ್ಟಿಲು ಮತ್ತೊಂದು ಶಾಲೆ. ತೇಗದ ಮರದ ಮೇಲೆ ಅರಗಿನ ಬಣ್ಣದಲ್ಲಿ ಕೃಷ್ಣನ ಬಾಲಲೀಲೆಯನ್ನೋ ರಾಮಾಯಣದ ಪ್ರಸಂಗವನ್ನೋ ಬರೆಯುವ ಕೈಗಳಿಗೆ ಗಡಿಗೆಯ ನೆರಳು ಬೆಳಕಿನ ಹಂಗಿಲ್ಲ. ಸಮತಲವಾದ ಗಾಢ ಬಣ್ಣ, ಅದನ್ನು ಹಿಡಿದು ನಿಲ್ಲಿಸುವ ಒಂದು ರೇಖೆ, ಅಷ್ಟೇ. ಮೊದಲನೆಯ ವರ್ಷದ ಕಣ್ಣಿಗೆ ಇದು ತಪ್ಪೆಂದು ತೋರಬಹುದು. ಅಪಾಯವಿರುವುದು ಇಲ್ಲಿಯೇ. ತಾನು ಕಲಿತದ್ದೇ ನೋಡುವ ಏಕೈಕ ರೀತಿಯೆಂದು ತಿಳಿದ ಹುಡುಗ, ತಾನು ಮಲಗಿ ಬೆಳೆದ ತೊಟ್ಟಿಲನ್ನೇ ಒರಟು ಕೆಲಸವೆಂದು ಅಟ್ಟಕ್ಕೇರಿಸಿಯಾನು. ಜಮಖಾನ ನೇಯುವ ಮಗ್ಗಗಳೂ ತೊಟ್ಟಿಲಿಗೆ ಬಣ್ಣ ಹಾಕುವ ಮನೆಗಳೂ ಈಗ ಉಳಿದಿರುವುದು ಕೆಲವೇ ಕೆಲವು. ಕಾಗದದ ಮೇಲೆ ನಕ್ಷೆಯಿಲ್ಲದೆ ಕೈಯಿಂದ ಕೈಗೆ ಸಾಗಿಬಂದ ವಿದ್ಯೆ ಕೈ ನಿಂತ ದಿನವೇ ನಿಲ್ಲುತ್ತದೆ.

ಆದ್ದರಿಂದ ಗಡಿಗೆ ಇರಲಿ. ಅದನ್ನು ಬಿಡಬೇಕೆಂದು ನಾನು ಹೇಳುತ್ತಿಲ್ಲ. ನೂರು ಸ್ಕೆಚ್ಚುಗಳಲ್ಲಿ ಹತ್ತನ್ನು ಮಗ್ಗದ ಬಳಿ, ಹತ್ತನ್ನು ತೊಟ್ಟಿಲಿನ ಅಂಗಳದಲ್ಲಿ, ಹತ್ತನ್ನು ಅಮೃತೇಶ್ವರನ ಕಂಬಗಳ ನಡುವೆ ಬರೆಸಿದರೆ ಪಾಠಕ್ರಮಕ್ಕೆ ಹೊರೆಯೇನೂ ಆಗದು. ಈ ಊರುಗಳಿಂದಲೇ ಬರುವ ಹುಡುಗ ಹುಡುಗಿಯರಿಗೆ ಬಸ್ಸಿನ ಖರ್ಚೂ ಉಳಿದೀತು!

ತಂದೆಯ ಪ್ರಶ್ನೆ

ತಂದೆಗೆ ಇನ್ನೊಂದು ಪ್ರಶ್ನೆಯಿತ್ತು: ಓದಿ ಮುಗಿಸಿದರೆ ನೌಕರಿ ಸಿಗುವುದೆ? ಸುಳ್ಳು ಭರವಸೆ ಕೊಡುವ ಧೈರ್ಯ ನನಗಾಗಲಿಲ್ಲ. ಚಿತ್ರಕಲಾ ಶಿಕ್ಷಕರ ಹುದ್ದೆಗಾಗಿ ಕಾಯುವವರು ಬಹಳ. ಪುಸ್ತಕ, ಜಾಹೀರಾತು, ಚಲನಚಿತ್ರ, ಬಟ್ಟೆಯ ವಿನ್ಯಾಸ ಹೀಗೆ ದಾರಿಗಳೇನೋ ಅನೇಕ. ಹಾದುಹೋಗುವಷ್ಟು ಗಟ್ಟಿ ಕಾಲು ಬೇಕು. ಆ ಕಾಲನ್ನು ಗಟ್ಟಿ ಮಾಡುವುದು ಈ ಮೊದಲನೆಯ ವರ್ಷವೇ ಎಂದು ಮಾತ್ರ ಹೇಳಿದೆ. ಅವರು ಕೇಳಿಸಿಕೊಂಡರು, ಒಪ್ಪಿದರೆಂದು ಹೇಳಲಾರೆ.

ಕೆಲವು ವಾರಗಳ ಮೇಲೆ ಹುಡುಗ ಅದೇ ಬಸ್ಸಿನಲ್ಲಿ ಸಿಕ್ಕ. ನಾಲ್ಕನೆಯ ಗಡಿಗೆ ಒಪ್ಪಿಗೆಯಾಗಿತ್ತು. ಅದು ಕಾಲೇಜಿನದಲ್ಲ, ಮನೆಯ ಹಿತ್ತಲಿನದು. ಹತ್ತಿಕಟಿಗೆಯನ್ನು ಮುಚ್ಚಿದ ಡಬ್ಬಿಯಲ್ಲಿ ಸುಟ್ಟು ತಾನೇ ಮಾಡಿಕೊಂಡ ಇದ್ದಿಲಿನಿಂದ ಅದನ್ನು ಬರೆದಿದ್ದ. ತಂದೆಗೆ ತೋರಿಸಿದೆಯಾ ಎಂದು ಕೇಳಿದೆ. ಹುಡುಗ ನಕ್ಕ.

ತಂದೆ ಬಹಳ ಹೊತ್ತು ಚಿತ್ರವನ್ನು ನೋಡಿದರಂತೆ. ಆಮೇಲೆ, “ಕಂಠದಾಗ ಸೀಳ ಯಾಕ ಬರದಿ? ನಮ್ಮ ಗಡಿಗಿ ಚಲೋ ಐತಿ” ಎಂದರಂತೆ. ಹುಡುಗ ಮಾತಾಡಲಿಲ್ಲ. ತಂದೆ ಎದ್ದು ಹಿತ್ತಲಿಗೆ ಹೋದರು. ಗಡಿಗೆಯನ್ನು ತಿರುಗಿಸಿ ನೋಡಿದರು. ಕಂಠದಲ್ಲಿ ಕೂದಲೆಳೆಯಷ್ಟು ಸೀಳು ಇದ್ದೇ ಇತ್ತು.

“ಅದು ಒಡದು ವರ್ಷಾತು” ಎಂದು ಒಳಗಿನಿಂದ ತಾಯಿ ಹೇಳಿದರಂತೆ. “ನೀವು ನೋಡಿದ್ದ ಈಗ.”