ಬೆಂಚಿನ ಡಿಫೆಂಡರ್‌ನ ಒಪ್ಪಂದ ಮುಗಿಯುವಾಗ

ಬೆಂಗಳೂರು ಎಫ್‌ಸಿಗೆ (ಬಿಎಫ್‌ಸಿ) ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಫುಟ್‌ಬಾಲ್ ಕಪ್ ತಂದುಕೊಟ್ಟ ಗೋಲು ಹೊಡೆದವರು ಸ್ಟ್ರೈಕರ್‌ಗಳಾದ ಸುನಿಲ್ ಛೆಟ್ರಿ ಅಲ್ಲ, ಮಿಕು ಕೂಡ ಅಲ್ಲ. 2019ರ ಮಾರ್ಚ್ 17ರಂದು ಮುಂಬೈಯಲ್ಲಿ ನಡೆದ ಫೈನಲ್ ಹೆಚ್ಚುವರಿ ಸಮಯಕ್ಕೆ ಹೋಗಿ, 117ನೇ ನಿಮಿಷದ ಕಾರ್ನರ್‌ಗೆ ತಲೆಕೊಟ್ಟವರು ಡಿಫೆಂಡರ್ ರಾಹುಲ್ ಭೇಕೆ. ಎದುರಾಳಿ ಗೋವಾ ಸೋತಿತು. ಎರಡು ವರ್ಷದ ಬಳಿಕ ಒಪ್ಪಂದ ಮುಗಿಯಿತು, ಭೇಕೆ ಮುಂಬೈ ಸಿಟಿಗೆ ಹೋದರು. ಅದಕ್ಕೂ ಒಂದು ವರ್ಷ ಮೊದಲು ಇನ್ನೊಬ್ಬ ಡಿಫೆಂಡರ್ ನಿಶು ಕುಮಾರ್ ಕೇರಳ ಬ್ಲಾಸ್ಟರ್ಸ್ ಸೇರಿದ್ದರು.

ಪಂದ್ಯ ಮುಗಿಸಿ ಕಬ್ಬನ್ ಪಾರ್ಕ್‌ನಲ್ಲಿ ಮೆಟ್ರೊ ಹತ್ತಿ, ಮೆಜೆಸ್ಟಿಕ್‌ನಲ್ಲಿ ಬದಲಿಸಿ ಜಯನಗರ, ಬನಶಂಕರಿಗೆ ಮರಳುವ ಅಭಿಮಾನಿಗಳ ಬಾಯಲ್ಲಿ ಸ್ಟ್ರೈಕರ್‌ಗಳದ್ದೇ ಮಾತು. ಹಿಂಸಾಲಿನ, ಅಂದರೆ ಡಿಫೆಂಡರ್‌ಗಳ ಸಾಲಿನ, ಮೂರನೆಯವನೋ ಐದನೆಯವನೋ ಉಳಿಯುತ್ತಾನಾ ಎಂದು ಕೇಳುವವರು ಕಡಿಮೆ. ಕ್ಲಬ್ ಕಚೇರಿಯಲ್ಲಿ ಮಾತ್ರ ಇದು ಪ್ರತಿ ಚಳಿಗಾಲದ ತಲೆನೋವು.

ಚಳಿಗಾಲದ್ದೇ ಯಾಕೆ? ಇಲ್ಲಿನ ಒಪ್ಪಂದಗಳು ಸಾಮಾನ್ಯವಾಗಿ ಮೇ 31ಕ್ಕೆ ಮುಗಿಯುತ್ತವೆ. ಫಿಫಾ ನಿಯಮದ ಪ್ರಕಾರ ಒಪ್ಪಂದದಲ್ಲಿ ಆರು ತಿಂಗಳು ಅಥವಾ ಅದಕ್ಕಿಂತ ಕಡಿಮೆ ಉಳಿದಿದ್ದರೆ ಆಟಗಾರ ಬೇರೆ ಕ್ಲಬ್ ಜೊತೆ ಮುಂಗಡ ಒಪ್ಪಂದಕ್ಕೆ ಸಹಿ ಹಾಕಬಹುದು. ಅಂದರೆ ಡಿಸೆಂಬರ್ ಶುರುವಾದ ಕೂಡಲೇ ಗಡಿಯಾರ ಆಟಗಾರನ ಕಡೆ ವಾಲುತ್ತದೆ. ಮೇ ತಿಂಗಳವರೆಗೂ ಅವನು ನಿಮ್ಮ ಜೆರ್ಸಿಯಲ್ಲೇ ಆಡುತ್ತಾನೆ, ಸಹಿ ಮಾತ್ರ ಬೇರೆಡೆ ಬಿದ್ದಿರುತ್ತದೆ. ಅವಧಿ ಮುಗಿದ ಮೇಲೆ ಹಳೆಯ ಕ್ಲಬ್‌ಗೆ ವರ್ಗಾವಣೆ ಹಣ ಒಂದು ಪೈಸೆಯೂ ಇಲ್ಲ. ಬೆಲ್ಜಿಯಂನ ಜಾನ್ ಮಾರ್ಕ್ ಬೋಸ್ಮನ್ ಹೂಡಿದ ದಾವೆಯಲ್ಲಿ 1995ರ ಡಿಸೆಂಬರ್ 15ರಂದು ಯುರೋಪಿನ ನ್ಯಾಯಾಲಯ ಕೊಟ್ಟ ತೀರ್ಪು ಈ ಬಗೆಯ ಬಿಡುಗಡೆಗೆ ದಾರಿ ತೆರೆಯಿತು. ಕ್ಲಬ್‌ಗೆ ಒಂದಿಷ್ಟು ಹಣ ಬರಬೇಕಾದರೆ ಜನವರಿಯ ವರ್ಗಾವಣೆ ಕಿಟಕಿಯೇ ಕೊನೆಯ ಅವಕಾಶ. ಆಗ ಬರುವ ಬೆಲೆಯೂ ಚಿಲ್ಲರೆ. ಐದು ತಿಂಗಳು ಕಾದರೆ ಪುಕ್ಕಟೆ ಸಿಗುವವನಿಗೆ ಯಾರು ದುಡ್ಡು ಸುರಿಯುತ್ತಾರೆ?

ಹೋಲಿಕೆಗೆ ನೋಡಿದರೆ, ಉತ್ತರ ಅಮೆರಿಕದ ಐಸ್ ಹಾಕಿಯಲ್ಲಿ ಗಂಟು ಸ್ವಲ್ಪ ಬೇರೆ. ಅಲ್ಲಿನ ಎನ್‌ಎಚ್‌ಎಲ್ ಲೀಗಿನ ತಂಡದಲ್ಲಿ 23 ಜನ, ಒಂದು ಪಂದ್ಯಕ್ಕೆ ಇಳಿಯುವುದು ಸಾಮಾನ್ಯವಾಗಿ ಆರು ಡಿಫೆನ್ಸ್‌ಮನ್. ಏಳನೆಯವನು ಮೇಲೆ ಕೂತು ನೋಡುತ್ತಾನೆ. ಒಪ್ಪಂದ ಮುಗಿದು ಜುಲೈ 1 ಬರುವ ತನಕ ಬೇರೆ ಕ್ಲಬ್ ಅವನೊಡನೆ ಮಾತಾಡುವಂತಿಲ್ಲ. ಹಾಗಾಗಿ ಅಲ್ಲಿ ಹಗ್ಗಜಗ್ಗಾಟವೆಲ್ಲ ವಸಂತದ ವಿನಿಮಯ ಗಡುವಿನ ಸುತ್ತ.

ನಮ್ಮ ಲೀಗಿನಲ್ಲಿ ಬೆಂಚಿನ ಭಾರತೀಯ ಡಿಫೆಂಡರ್‌ಗೆ ಬೆಲೆ ಬರುವುದಕ್ಕೆ ಒಂದು ಕಾರಣವಿದೆ. ನನ್ನ ಲೆಕ್ಕದಲ್ಲಿ ಅದೇ ಮುಖ್ಯ. ಮೈದಾನದಲ್ಲಿ ಏಕಕಾಲಕ್ಕೆ ನಾಲ್ಕು ವಿದೇಶಿಯರಿಗಷ್ಟೇ ಜಾಗ, ಉಳಿದ ಏಳು ಭಾರತೀಯರೇ ಆಗಬೇಕು. ವಿದೇಶಿಯರನ್ನು ಕ್ಲಬ್‌ಗಳು ಹೆಚ್ಚಾಗಿ ಗೋಲು ಹೊಡೆಯಲು, ಮಧ್ಯದಲ್ಲಿ ಆಟ ಕಟ್ಟಲು, ಜೊತೆಗೆ ಒಬ್ಬನನ್ನು ಸೆಂಟರ್ ಬ್ಯಾಕ್‌ಗೆ ತರುತ್ತವೆ. ಎಡ, ಬಲ ಫುಲ್ ಬ್ಯಾಕ್ ಮತ್ತು ಇನ್ನೊಬ್ಬ ಸೆಂಟರ್ ಬ್ಯಾಕ್ ಹೆಚ್ಚುಕಡಿಮೆ ಭಾರತೀಯರ ಪಾಲು. ಅಲ್ಲಿ ಒಬ್ಬ ಗಾಯಗೊಂಡರೆ ವಿದೇಶಿಯನನ್ನು ತಂದು ತುಂಬಿಸಲು ಆಗದು, ಆ ನಾಲ್ಕು ಜಾಗ ಆಗಲೇ ಹಂಚಿಹೋಗಿರುತ್ತದೆ. ಭಾರತೀಯ ಸ್ಟ್ರೈಕರ್ ಬೆಂಚಿನಲ್ಲಿ ಕೊಳೆಯಬಹುದು. ಭಾರತೀಯ ಎಡ ಬ್ಯಾಕ್‌ಗೆ ಸರದಿ ಬಂದೇ ಬರುತ್ತದೆ.

ಅದೂ ಗಾಯಕ್ಕೆ ಕಾಯಬೇಕಿಲ್ಲ. ಐಎಸ್‌ಎಲ್‌ನಲ್ಲಿ ನಾಲ್ಕು ಹಳದಿ ಕಾರ್ಡ್ ಸೇರಿದರೆ ಒಂದು ಪಂದ್ಯ ಹೊರಗೆ. 2024–25ರಲ್ಲಿ ಹದಿಮೂರು ತಂಡ, ಪ್ರತಿ ತಂಡಕ್ಕೂ 24 ಲೀಗ್ ಪಂದ್ಯ. ಜಾರಿ ಚೆಂಡು ಕಸಿಯುವುದೇ ಕೆಲಸವಾದವನಿಗೆ ಅಷ್ಟು ಪಂದ್ಯಗಳಲ್ಲಿ ನಾಲ್ಕು ಕಾರ್ಡ್ ಕೂಡಿಬೀಳುವುದು ಅಪರೂಪವಲ್ಲ. ರಾಷ್ಟ್ರೀಯ ತಂಡದ ಕರೆ, ಜ್ವರ, ಸ್ನಾಯು ಸೆಳೆತ ಸೇರಿಸಿಕೊಳ್ಳಿ. ಮೂರನೇ ಸೆಂಟರ್ ಬ್ಯಾಕ್ ಎಂದರೆ ಮದುವೆ ಮನೆಯಲ್ಲಿ ಮೂಲೆಗಿಟ್ಟ ಇನ್ನೊಂದು ಸಿಲಿಂಡರ್, ಊಟದ ನಡುವೆ ಒಲೆ ಆರಿದಾಗಲೇ ಅದರ ನೆನಪು.

ಹಾಗೆಂದು ಸಿಕ್ಕವರನ್ನೆಲ್ಲ ಉಳಿಸಿಕೊಳ್ಳಲಾಗದು, ಒಟ್ಟು ವೇತನಕ್ಕೆ ಲೀಗ್ ಮಿತಿ ಹಾಕಿದೆ. ಮೊದಲು ನೋಡಬೇಕಾದ್ದು ಅವನು ಎಷ್ಟು ಜಾಗ ತುಂಬುತ್ತಾನೆ ಎಂಬುದು. ನಿಶು ಬಲಗಾಲಿನ ಆಟಗಾರ, ಆದರೂ ಎಡ ಬ್ಯಾಕ್ ಆಗಿ ನಿಂತರು. ಭೇಕೆ ಬಲ ಬ್ಯಾಕ್‌ಗೂ ಆಗುತ್ತಾರೆ, ಸೆಂಟರ್‌ಗೂ ಆಗುತ್ತಾರೆ. ಇಂಥವನೊಬ್ಬ ಎರಡು ಸಂಬಳ ಉಳಿಸುತ್ತಾನೆ. ಒಂದೇ ಜಾಗಕ್ಕೆ ಅಂಟಿಕೊಂಡ, ಮೂವತ್ತು ದಾಟಿದ, ಸಂಬಳ ಏರಿಸಿ ಎನ್ನುವ ಬೆಂಚಿನವನನ್ನು ಕಳಿಸಿಕೊಡುವುದೇ ಸರಿ. ಆ ಜಾಗದಲ್ಲಿ ರಿಸರ್ವ್ ತಂಡದ ಇಪ್ಪತ್ತರ ಹುಡುಗನನ್ನು ಆಡಿಸಬಹುದು, ತಪ್ಪಿದರೂ ಕಲಿಯುತ್ತಾನೆ. ನಿರ್ಧಾರ ತೂಗುಯ್ಯಾಲೆಯಲ್ಲಿದ್ದರೆ ಒಂದು ವರ್ಷ ಉಳಿಸಿ, ಇನ್ನೊಂದು ವರ್ಷದ ಆಯ್ಕೆಯನ್ನು ಕ್ಲಬ್ ಕೈಯಲ್ಲಿಡುವ ಷರತ್ತು ಬರೆಸಬಹುದು. ಆಟಗಾರನ ಏಜೆಂಟ್ ಅದಕ್ಕೆ ಸುಲಭವಾಗಿ ಒಪ್ಪುವುದಿಲ್ಲ, ಅದು ಬೇರೆ ಮಾತು.

ಒಬ್ಬಿಬ್ಬರು ಹೋದರೆ ತಡೆದುಕೊಳ್ಳಬಹುದು. ಸಾಲಿಗೆ ಸಾಲೇ ಹೊರಟರೆ ಕಷ್ಟ. 2022–23ರಲ್ಲಿ ಬಿಎಫ್‌ಸಿ ಡ್ಯುರಾಂಡ್ ಕಪ್ ಗೆದ್ದಿತು, ಐಎಸ್‌ಎಲ್ ಫೈನಲ್‌ನಲ್ಲಿ ಪೆನಾಲ್ಟಿಗಳಲ್ಲಿ ಸೋತಿತು. ಆಗ ಹಿಂಸಾಲಿನಲ್ಲಿದ್ದ ಸಂದೇಶ್ ಜಿಂಗನ್ ಒಂದೇ ಸೀಸನ್ ಆಡಿ ಗೋವಾ ಸೇರಿದರು, ಆಶಿಕ್ ಕುರುಣಿಯನ್‌ಗೆ ವಿನಿಮಯವಾಗಿ ಕೋಲ್ಕತ್ತದಿಂದ ಬಂದಿದ್ದ ಪ್ರಬೀರ್ ದಾಸ್ ಕೇರಳಕ್ಕೆ ಹೋದರು. ಮರು ಸೀಸನ್‌ನಲ್ಲಿ ತಂಡ ಹನ್ನೆರಡರಲ್ಲಿ ಹತ್ತನೇ ಸ್ಥಾನಕ್ಕಿಳಿಯಿತು. ಕೋಚ್ ಕೂಡ ನಡುವೆ ಬದಲಾದರು, ಹಾಗಾಗಿ ಎಲ್ಲವನ್ನೂ ಹಿಂಸಾಲಿನ ತಲೆಗೆ ಕಟ್ಟುವುದು ಅನ್ಯಾಯ. ಆದರೆ ಒಟ್ಟಿಗೆ ಆಡಿ ಪಳಗಿದ ಹಿಂಸಾಲು ಒಡೆದರೆ ಕಟ್ಟಲು ಒಂದು ಸೀಸನ್ ಬೇಕು. ಹಿಂಸಾಲಿನ ಎಲ್ಲರ ಒಪ್ಪಂದ ಒಂದೇ ಮೇ ತಿಂಗಳಲ್ಲಿ ಮುಗಿಯದಂತೆ ವರ್ಷಗಳನ್ನು ಹಿಂದೆಮುಂದೆ ಹಂಚುವ ಕ್ಲಬ್‌ಗೆ ಈ ಕಷ್ಟ ಕಡಿಮೆ.

ಬೆಂಚಿನ ಡಿಫೆಂಡರ್‌ನ ಜೊತೆ ಮಾತುಕತೆಗೆ ತಕ್ಕ ಕಾಲ ಅಕ್ಟೋಬರ್, ನವೆಂಬರ್. ಫೆಬ್ರುವರಿಯಲ್ಲಿ ಅವನು ಮೂರು ಒಳ್ಳೆ ಪಂದ್ಯ ಆಡಿದ ಮೇಲೆ ಎಚ್ಚೆತ್ತರೆ ಬೆಲೆ ಏರಿರುತ್ತದೆ, ಆಯ್ಕೆಗಳೂ ಅವನ ಕೈಯಲ್ಲಿರುತ್ತವೆ.

ಇದರ ಇನ್ನೊಂದು ಮುಖ ಭೇಕೆಯದ್ದೇ. ಮುಂಬೈಯಲ್ಲಿ ನಾಯಕರಾಗಿ 2024ರ ಐಎಸ್‌ಎಲ್ ಕಪ್ ಎತ್ತಿದ ಮೇಲೆ ಅದೇ ವರ್ಷ ಬಿಎಫ್‌ಸಿಗೆ ಮರಳಿದರು, ವಯಸ್ಸು 33. ಮರು ಏಪ್ರಿಲ್‌ನಲ್ಲಿ ಬೆಂಗಳೂರು ಮತ್ತೆ ಫೈನಲ್ ಆಡಿತು, ಕೋಲ್ಕತ್ತದಲ್ಲಿ ಮೋಹನ್ ಬಗಾನ್ ಎದುರು ಹೆಚ್ಚುವರಿ ಸಮಯದಲ್ಲಿ 2–1ರಿಂದ ಸೋತಿತು.