ಮಾದರಿ ಕಾರಿನ ಬೆಸುಗೆ

ಮಾದರಿ ಕಾರಿನ ಕಿಟ್ ಪೆಟ್ಟಿಗೆ ತೆರೆದರೆ ಕಾರು ಕಾಣುವುದಿಲ್ಲ, ಬಿಡಿಭಾಗಗಳು ಕಾಣುತ್ತವೆ. ಕರಗಿಸಿದ ಪಾಲಿಸ್ಟೈರೀನ್ ಪ್ಲಾಸ್ಟಿಕ್ಕನ್ನು ಲೋಹದ ಅಚ್ಚಿನೊಳಕ್ಕೆ ಒತ್ತಡದಿಂದ ತಳ್ಳಿ ಇವನ್ನು ಎರಕ ಹೊಯ್ದಿರುತ್ತಾರೆ. ಭಾಗಗಳನ್ನು ಹಿಡಿದಿಟ್ಟುಕೊಂಡಿರುವ ಕಡ್ಡಿಗಳ ಚೌಕಟ್ಟೇ ಸ್ಪ್ರೂ. ಪೆಟ್ಟಿಗೆಯ ಮೇಲೆ 1:24 ಎಂದಿದ್ದರೆ 4 ಮೀಟರ್ ಉದ್ದದ ಕಾರು ಸುಮಾರು 16.7 ಸೆಂಟಿಮೀಟರಿಗೆ ಇಳಿದಿದೆ ಎಂದರ್ಥ. ಜಪಾನಿನ ಕಿಟ್‌ಗಳಲ್ಲಿ ಹೆಚ್ಚಾಗಿ ಈ ಅಳತೆ, ಅಮೆರಿಕದ ಕಿಟ್‌ಗಳಲ್ಲಿ 1:25. ಇಷ್ಟು ತಿಳಿದರೆ ಕೆಲಸ ಶುರುಮಾಡಬಹುದು.

ಹೊಸಬರು ಎಡವುವುದು ಅಂಟಿನ ಹತ್ತಿರ. ಕಿಟ್ ಮಾಡುವವರ ಶ್ರದ್ಧೆಯನ್ನೇ ನೋಡಿ. ಜಪಾನಿನ ಶಿಜುಒಕಾದಲ್ಲಿರುವ ತಮಿಯಾ ಕಂಪನಿ 1976ರಲ್ಲಿ 1:12 ಅಳತೆಯ ಪೋರ್ಷೆ 934 ಕಿಟ್ ತಂದಿತು. ಅದಕ್ಕಾಗಿ ಕಂಪನಿಯ ಶುನ್‌ಸಾಕು ತಮಿಯಾ ನಿಜವಾದ ಪೋರ್ಷೆ 911 ಒಂದನ್ನೇ ಕೊಂಡು, ಪೂರ್ತಿ ಬಿಚ್ಚಿ ನೋಡಿದ್ದರು. ಅಂಥ ಶ್ರದ್ಧೆಯಿಂದ ಅಚ್ಚಿಗಿಳಿದ ಬಾಗಿಲ ಗೆರೆ, ಪುಟಾಣಿ ಸ್ಕ್ರೂ ತಲೆಗಳು ಒಂದು ದಪ್ಪ ಹನಿ ಅಂಟಿಗೆ ಸಿಕ್ಕಿ ಮೇಣದಂತೆ ಇಳಿದುಹೋಗುವುದನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಜಾಸ್ತಿ ಹಾಕಿದರೆ ಗಟ್ಟಿಯಾಗಿ ನಿಲ್ಲುತ್ತದೆ ಎಂಬ ನಂಬಿಕೆಯೇ ಇದಕ್ಕೆ ಕಾರಣ.

ಫೆವಿಕಾಲ್ ಮರವನ್ನು ಹಿಡಿಯುತ್ತದೆ. ಅದರ ನೀರು ಮರದ ಸೂಕ್ಷ್ಮ ರಂಧ್ರಗಳಿಗೆ ಇಳಿದು ಆರಿಹೋಗುತ್ತದೆ, ಅಂಟು ಎರಡು ಹಲಗೆಗಳ ನಡುವೆ ಮೂರನೆಯ ವಸ್ತುವಾಗಿ ಉಳಿಯುತ್ತದೆ. ಪಾಲಿಸ್ಟೈರೀನಿನಲ್ಲಿ ಅಂಥ ರಂಧ್ರಗಳಿಲ್ಲ. ಆದ್ದರಿಂದ ಸಿಮೆಂಟು ಎಂದು ಕರೆಯುವ ಕಿಟ್‌ನ ಅಂಟು ಬೇರೆಯೇ ದಾರಿ ಹಿಡಿಯುತ್ತದೆ. ತೆಳುವಾದ ಸಿಮೆಂಟಿನಲ್ಲಿ ಇರುವುದು ಅಸಿಟೋನ್, ಬ್ಯೂಟೈಲ್ ಅಸಿಟೇಟ್‌ನಂಥ ದ್ರಾವಕಗಳು. ಅವು ಪ್ಲಾಸ್ಟಿಕ್ಕನ್ನೇ ಕರಗಿಸುತ್ತವೆ.

ಶಾವಿಗೆಯನ್ನು ನೆನಪಿಸಿಕೊಳ್ಳಿ. ಒಣ ಶಾವಿಗೆಯ ಎರಡು ಕಟ್ಟುಗಳನ್ನು ಎಷ್ಟು ಒತ್ತಿ ಹಿಡಿದರೂ ಒಂದಾಗುವುದಿಲ್ಲ. ಬಿಸಿನೀರು ತಾಗಿ ಮೆತ್ತಗಾದರೆ ಈ ಕಟ್ಟಿನ ಎಳೆ ಆ ಕಟ್ಟಿನೊಳಕ್ಕೆ ಹೊಕ್ಕು ಹೆಣೆದುಕೊಳ್ಳುತ್ತದೆ. ಒಣಗಿದ ಮೇಲೆ ಯಾವ ಎಳೆ ಯಾವ ಕಟ್ಟಿನದು ಎಂದು ಹೇಳಲಾಗದು. ಪಾಲಿಸ್ಟೈರೀನ್ ಕೂಡ ಉದ್ದುದ್ದ ಸರಪಳಿ ಅಣುಗಳ ರಾಶಿ. ದ್ರಾವಕ ಹೊಕ್ಕಾಗ ಆ ಸರಪಳಿಗಳು ಸಡಿಲಗೊಂಡು, ಕೂಡುಗೆರೆ ದಾಟಿ ಆಚೆಯವುಗಳ ಜೊತೆ ಸಿಕ್ಕುಬೀಳುತ್ತವೆ. ಆಮೇಲೆ ದ್ರಾವಕ ಗಾಳಿಗೆ ಹಾರಿಹೋಗುತ್ತದೆ. ಕೊನೆಗೆ ಅಲ್ಲಿ ಅಂಟು ಎಂಬುದೇ ಇರುವುದಿಲ್ಲ! ಇರುವುದು ಪ್ಲಾಸ್ಟಿಕ್ ಮಾತ್ರ. ಎಷ್ಟು ಸಲ ವಿವರಿಸಿದರೂ ಈ ಮಾತಿಗೆ ಬಂದಾಗ ನನಗೆ ಮೊದಲಿನಷ್ಟೇ ಖುಷಿಯಾಗುತ್ತದೆ.

ಇದು ಬೆಸುಗೆ ಎಂದು ತಿಳಿದ ಕ್ಷಣ ಕೈಯ ಕೆಲಸವೂ ಬದಲಾಗುತ್ತದೆ. ಮೊದಲು ಭಾಗಗಳನ್ನು ಒಣದಾಗಿಯೇ ಜೋಡಿಸಿ ಹಿಡಿಯಬೇಕು. ಆಮೇಲೆ ಕುಂಚದ ತುದಿಯನ್ನು ಕೂಡುಗೆರೆಗೆ ಸೋಕಿಸಿದರೆ ಸಾಕು, ದೀಪದ ಬತ್ತಿಗೆ ಎಣ್ಣೆ ಏರುವಂತೆ ದ್ರಾವಕ ತಾನಾಗಿಯೇ ಗೆರೆಯುದ್ದಕ್ಕೂ ಓಡುತ್ತದೆ. ಬೆರಳು ಗೆರೆಯ ಮೇಲಿರಬಾರದು. ಇದ್ದರೆ ದ್ರಾವಕ ಬೆರಳಡಿಗೂ ನುಗ್ಗಿ ನಿಮ್ಮ ಬೆರಳಚ್ಚು ಕಾರಿನ ಮೇಲೆ ಶಾಶ್ವತವಾಗಿ ಉಳಿಯುತ್ತದೆ. ಹಗುರವಾಗಿ ಒತ್ತಿದಾಗ ಕರಗಿದ ಪ್ಲಾಸ್ಟಿಕ್ಕಿನ ಸಣ್ಣ ಏಣು ಉಬ್ಬಿ ಬಂದರೆ ಒಳ್ಳೆಯ ಲಕ್ಷಣ. ಒರೆಸಬೇಡಿ. ಒಂದು ದಿನ ಬಿಟ್ಟು ಉಪ್ಪು ಕಾಗದದಿಂದ ಉಜ್ಜಿದರೆ ಕೂಡುಗೆರೆಯೇ ಮಾಯ. ಕಿಟಕಿ ತೆರೆದಿರಲಿ, ಆ ಆವಿ ಉಸಿರಿಗೆ ಒಳ್ಳೆಯದಲ್ಲ.

ಬಣ್ಣ ಬಳಿದ ಮೇಲೆ ಕೂಡಿಸಿದ ಭಾಗಗಳು ಯಾಕೆ ಕಳಚಿಕೊಳ್ಳುತ್ತವೆ ಎಂಬುದಕ್ಕೂ ಉತ್ತರ ಇಲ್ಲೇ ಇದೆ. ದ್ರಾವಕ ಬಣ್ಣದ ಪದರ ದಾಟಿ ಪ್ಲಾಸ್ಟಿಕ್ಕನ್ನು ಸರಿಯಾಗಿ ಮುಟ್ಟಲಾರದು. ಫಳಫಳ ಹೊಳೆಯುವ ಬಂಪರು, ಗ್ರಿಲ್ಲುಗಳದೂ ಅದೇ ಕಥೆ, ಅವುಗಳ ಮೇಲೆ ಅಲ್ಯೂಮಿನಿಯಮ್ಮಿನ ತೆಳು ಲೇಪವಿರುತ್ತದೆ. ಕೂಡುವ ಜಾಗದಲ್ಲಷ್ಟೇ ಬ್ಲೇಡಿನಿಂದ ಕೆರೆದರೆ ಬೆಸುಗೆ ಹಿಡಿಯುತ್ತದೆ. ಲೋಹದ ಬಿಡಿಭಾಗಗಳಿಗೆ ಸೂಪರ್ ಗ್ಲೂ ಬೇಕು. ಆದರೆ ಅದನ್ನು ಕಾರಿನ ಕಿಟಕಿ ಗಾಜಿನ ಹತ್ತಿರ ತರಬೇಡಿ, ಅದರ ಆವಿ ತೇವದೊಂದಿಗೆ ಸೇರಿ ಪಾರದರ್ಶಕ ಭಾಗದ ಮೇಲೆ ಬಿಳಿ ಪೊರೆ ಕಟ್ಟುತ್ತದೆ.  

ಇದೇ ಬೆಸುಗೆಯ ಅತಿ ನಿಧಾನದ ರೂಪ ಹಳೆಯ ಕಿಟ್‌ಗಳಲ್ಲಿ ಸಿಗುತ್ತದೆ. ಹಲವು ಕಿಟ್‌ಗಳ ಟೈರುಗಳು ಮೆದು ವಿನೈಲಿನವು. ಅವನ್ನು ಮೆತ್ತಗಿಡಲು ಬೆರೆಸಿದ ರಾಸಾಯನಿಕ ವರ್ಷಗಟ್ಟಲೆ ಮೆಲ್ಲಮೆಲ್ಲಗೆ ಹೊರಜಿನುಗಿ, ತಾಗಿದ ಪಾಲಿಸ್ಟೈರೀನನ್ನು ಮೆತ್ತಗಾಗಿಸುತ್ತದೆ. ಪೆಟ್ಟಿಗೆಯಲ್ಲಿ ಟೈರು ಪ್ಲಾಸ್ಟಿಕ್ ಭಾಗಕ್ಕೆ ತಾಗಿಕೊಂಡಿದ್ದರೆ ಅಲ್ಲಿ ಟೈರಿನ ಪಡಿಯಚ್ಚು ಸುಟ್ಟ ಗುರುತಿನಂತೆ ಮೂಡಿರುತ್ತದೆ. ಹೊಸ ಕಿಟ್ ತಂದ ದಿನವೇ ಟೈರುಗಳನ್ನು ಬೇರೆ ಚೀಲಕ್ಕೆ ಹಾಕಿಡಿ.

ಇನ್ನೊಂದು ಕೋರಿಕೆ. ಭಾಗಗಳನ್ನು ಕತ್ತರಿಸಿಕೊಂಡ ಮೇಲೆ ಉಳಿಯುವ ಸ್ಪ್ರೂ ಕಡ್ಡಿಗಳನ್ನು ಎಸೆಯಬೇಡಿ. ಒಂದು ಜೊತೆಯನ್ನು ಸಿಮೆಂಟಿನಿಂದ, ಇನ್ನೊಂದನ್ನು ಫೆವಿಕಾಲಿನಿಂದ, ಮತ್ತೊಂದನ್ನು ಬಣ್ಣ ಬಳಿದು ಸಿಮೆಂಟಿನಿಂದ ಕೂಡಿಸಿ. ಎರಡು ದಿನ ಬಿಟ್ಟು ಮುರಿಯಿರಿ. ಎಲ್ಲಿ ಮುರಿಯಿತು, ಕೂಡಿದ ಜಾಗದಲ್ಲೋ ಪಕ್ಕದಲ್ಲೋ, ಬರೆದಿಟ್ಟುಕೊಳ್ಳಿ. ಆಮೇಲೆ ಪಾಲಿಮರ್‌ಗಳ ರಸಾಯನಶಾಸ್ತ್ರದ ಪಾಠ ತೆರೆಯಿರಿ. ಅಲ್ಲಿನ ಸರಪಳಿಗಳು ನಿಮ್ಮ ಕೈಗೆ ಆಗಲೇ ಪರಿಚಯವಾಗಿರುತ್ತವೆ.