ಎಣಿಸಲು ಮತವೇ ಇಲ್ಲದ ಪಂಚಾಯಿತಿ

ಮಾಲೂರು ತಾಲ್ಲೂಕಿನ ಶಿವಾರಪಟ್ಟಣವು ವಿಗ್ರಹಶಿಲ್ಪಕ್ಕೆ ಹೆಸರಾದ ಊರು. ಅಳತೆಗೆಟ್ಟು ಉಳಿಯೂರುವುದು ಅಲ್ಲಿಯ ಶಿಲ್ಪಿಗಳಿಗೆ ಸಲ್ಲದ ಮಾತು. ಆ ಊರಿನವರು ವಿಧಾನಸಭೆಗೂ ಲೋಕಸಭೆಗೂ ಮತವಿತ್ತಿದ್ದಾರೆ. ಆದರೆ ಶಾಲೆ, ಕುಡಿಯುವ ನೀರು, ಆರೋಗ್ಯಕೇಂದ್ರಗಳ ಯೋಗಕ್ಷೇಮವನ್ನು ವಿಚಾರಿಸತಕ್ಕ ತಾಲ್ಲೂಕು ಮತ್ತು ಜಿಲ್ಲಾ ಪಂಚಾಯಿತಿಗಳಿಗೆ 2016ರಲ್ಲಿ ಮತವಿತ್ತ ಮೇಲೆ, 2025ನೆಯ ಇಸವಿ ಮುಗಿಯುವವರೆಗೂ ಆ ಸಂದರ್ಭವು ಅವರಿಗೆ ಮತ್ತೆ ಒದಗಲಿಲ್ಲ. 2021ರಲ್ಲಿ ಸದಸ್ಯರ ಅವಧಿ ತೀರಿತು. ಅಧಿಕಾರವು ಆಡಳಿತಾಧಿಕಾರಿಗಳ ಕೈಸೇರಿತು.

ಕಾರಣವೇನೆಂದರೆ ಕ್ಷೇತ್ರವಿಂಗಡಣೆ, ಮೀಸಲಾತಿ ಎಂಬ ಉತ್ತರವು ಸಿದ್ಧವಾಗಿದ್ದಿತು. ಆ ಕೆಲಸವನ್ನು ರಾಜ್ಯ ಚುನಾವಣಾ ಆಯೋಗವು ಮಾಡುತ್ತಲೇ ಇದ್ದಿತು. 2021ರಲ್ಲಿ ಕಾಯಿದೆಯನ್ನು ತಿದ್ದಿ, ಅದನ್ನು ಬೇರೊಂದು ಆಯೋಗಕ್ಕೆ ವಹಿಸಿದವರು ಸರಕಾರದವರೇ. 2023ರಲ್ಲಿ ಸರಕಾರ ಬದಲಾಯಿತು, ವಿಳಂಬ ಬದಲಾಗಲಿಲ್ಲ. ಐದು ವರ್ಷ ತುಂಬುವುದರೊಳಗೆ ಚುನಾವಣೆ ಮುಗಿಯತಕ್ಕದ್ದೆಂದು ಸಂವಿಧಾನದ 243ಇ ವಿಧಿಯು ಸಾರುತ್ತದೆ. ಕ್ಷೇತ್ರವಿಂಗಡಣೆಯ ನೆಪವು ಸಲ್ಲದೆಂದು ಸರ್ವೋಚ್ಚ ನ್ಯಾಯಾಲಯವು ಮಧ್ಯಪ್ರದೇಶದ ಮೊಕದ್ದಮೆಯಲ್ಲಿ 2022ರ ಮೇ ತಿಂಗಳಲ್ಲಿಯೇ ಹೇಳಿದೆ. ಇದು ಹೊಸ ರೋಗವೂ ಅಲ್ಲ. ನಜೀರ್ ಸಾಬರ ಪ್ರಯತ್ನದ ಫಲವಾಗಿ 1987ರಲ್ಲಿ ಚುನಾಯಿತವಾದ ಜಿಲ್ಲಾ ಪರಿಷತ್ತುಗಳ ಅವಧಿ 1992ರಲ್ಲಿ ತೀರಿದಾಗಲೂ ಪ್ರಜೆಗಳು 1995ರವರೆಗೆ ಕಾಯಬೇಕಾಯಿತು.

ಟ್ಯುನೀಷಿಯದಲ್ಲಿ ಜನರ ಹೆಸರೆತ್ತಿ 2019ರಲ್ಲಿ ಗೆದ್ದ ಅಧ್ಯಕ್ಷ ಕೈಸ್ ಸಯೀದರು 2021ರಲ್ಲಿ ಪಾರ್ಲಿಮೆಂಟನ್ನು ಸ್ತಬ್ಧಗೊಳಿಸಿ, 2023ರಲ್ಲಿ ಚುನಾಯಿತ ಪುರಸಭೆಗಳನ್ನೆಲ್ಲ ವಿಸರ್ಜಿಸಿದರು. ನಮ್ಮ ಸ್ಥಿತಿಯು ಅದಕ್ಕೆ ಸಮವೆಂದು ನಾವು ಹೇಳುವುದಿಲ್ಲ. ಇಲ್ಲಿ ಯಾರೂ ಯಾವುದನ್ನೂ ವಿಸರ್ಜಿಸಲಿಲ್ಲ, ಸುಮ್ಮನೆ ಕುಳಿತರು. ಆದರೆ ಗ್ರಾಮಸ್ಥನ ಪಾಲಿಗೆ ಬಂದ ಫಲದಲ್ಲಿ ಎಷ್ಟು ಅಂತರವಿದೆ? ನಡುವಣ ಮೆಟ್ಟಲುಗಳು ಇಲ್ಲವಾದಾಗ ಕೊಳವೆಬಾವಿಗೂ ಚರಂಡಿಗೂ ಶಾಸಕರ ಬಾಗಿಲನ್ನೇ ಕಾಯಬೇಕು. ಹಕ್ಕಿನಿಂದ ಕೇಳತಕ್ಕವನು ಯಾಚಕನಾಗುತ್ತಾನೆ, ಪ್ರತಿನಿಧಿಯು ದಾತನಾಗುತ್ತಾನೆ. ಈ ಏರ್ಪಾಡು ಯಾವ ಪಕ್ಷದ ಶಾಸಕರಿಗೂ ಅಪ್ರಿಯವಾದಂತೆ ನಮಗೆ ತೋರಲಿಲ್ಲ.

ಮಾಲೂರಿನವರಿಗೆ ಒಂದೊಂದು ಮತದ ಬೆಲೆಯೂ ತಿಳಿದೇ ಇದೆ. 2023ರ ವಿಧಾನಸಭಾ ಚುನಾವಣೆಯಲ್ಲಿ ಅಲ್ಲಿಯ ಗೆಲುವಿನ ಅಂತರ 248 ಮತ ಮಾತ್ರ. 2025ರ ಸೆಪ್ಟೆಂಬರಿನಲ್ಲಿ ಉಚ್ಚ ನ್ಯಾಯಾಲಯವು ಆ ಆಯ್ಕೆಯನ್ನು ರದ್ದುಪಡಿಸಿ ಮರುಎಣಿಕೆಗೆ ಆಜ್ಞೆಯಿತ್ತಿತು. ವ್ಯಾಜ್ಯವು ಸರ್ವೋಚ್ಚ ನ್ಯಾಯಾಲಯದ ಮೆಟ್ಟಲೇರಿತು. ಅಲ್ಲಿ ಎಣಿಸುವುದಕ್ಕೂ ಮರಳಿ ಎಣಿಸುವುದಕ್ಕೂ ಮತಗಳಾದರೂ ಇದ್ದುವು. ಜಿಲ್ಲಾ ಪಂಚಾಯಿತಿಯ ವಿಷಯದಲ್ಲಿ ಶಿವಾರಪಟ್ಟಣದವರು ಏನನ್ನು ಎಣಿಸಿಕೊಡಿರೆಂದು ಯಾವ ನ್ಯಾಯಾಲಯವನ್ನು ಕೇಳಿಯಾರು?